ಅನುದಿನದ ಆಹಾರಕ್ಕಾಗಿ ಪ್ರಾರ್ಥಿಸುವುದು ಹೇಗೆ? ಚಿಂತೆಯ ನಡುವೆ ದೇವರನ್ನು ನೆಚ್ಚಲು ಎಂಟು ಹಂತಗಳು

ಪ್ರಾರ್ಥನೆಯ ಕುರಿತು ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. “ದೇವರು ಒದಗಿಸುತ್ತಾನೆಂದು ನಂಬಿಯೇ ಮೊಣಕಾಲೂರುತ್ತೇನೆ, ಆದರೆ ಆಮೆನ್ ಎಂದು ಏಳುವಷ್ಟರಲ್ಲಿ ಬಾಡಿಗೆಯ ಚಿಂತೆ ಮತ್ತೆ ಹೆಗಲೇರಿರುತ್ತದೆ. ಹಾಗಾದರೆ ನನ್ನಲ್ಲಿ ನಂಬಿಕೆಯೇ ಇಲ್ಲವೇ?” ಬಾಡಿಗೆಯ ಜಾಗದಲ್ಲಿ ಕೆಲವರು ಮಕ್ಕಳ ಶುಲ್ಕವನ್ನು, ಕೆಲವರು ಔಷಧಿಯ ಖರ್ಚನ್ನು, ಇನ್ನು ಕೆಲವರು ಕಳೆದುಕೊಂಡ ಕೆಲಸವನ್ನು ಇಡುತ್ತಾರೆ. ನಾನು ಗಮನಿಸಿದಂತೆ, ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಕಡಿಮೆಯಾಗಿರುವುದು ನಂಬಿಕೆಯಲ್ಲ, ತಪ್ಪಿರುವುದು ಅಳತೆ. ಅವರು ಒಂದು ದಿನದ ಪ್ರಾರ್ಥನೆಯ ಮೇಲೆ ಇಡೀ ವರ್ಷದ ಹೊರೆಯನ್ನು ಹೇರುತ್ತಾರೆ, ಅದು ಕುಸಿದಾಗ ತಮ್ಮನ್ನೇ ದೂರಿಕೊಳ್ಳುತ್ತಾರೆ. ಯೇಸು ಕಲಿಸಿದ ‘ಕರ್ತನ ಪ್ರಾರ್ಥನೆ’ಯಲ್ಲಿ ಆಹಾರದ ಬೇಡಿಕೆಗೆ ಒಂದು ಅಳತೆಯೂ ಒಂದು ಕ್ರಮವೂ ಇವೆ. ಅವನ್ನು ಹಿಡಿದುಕೊಂಡು ನಡೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಆರಂಭಿಸುವ ಮೊದಲು

ನಿಮಗೆ ಬೇಕಾಗುವುದು ಒಂದು ಸತ್ಯವೇದ (ಬೈಬಲ್), ಒಂದು ನೋಟ್‌ಬುಕ್, ಒಂದು ಪೆನ್ನು, ಯಾರೂ ಕರೆಯದ ಹದಿನೈದು ನಿಮಿಷ. ಇವುಗಳ ಜೊತೆಗೆ, ನೋಡಲು ಮನಸ್ಸಾಗದೆ ಎಲ್ಲೋ ಮುಚ್ಚಿಟ್ಟಿರುವ ಬಿಲ್ಲುಗಳನ್ನೂ ಸಾಲದ ಕಾಗದಗಳನ್ನೂ ತೆಗೆದುಕೊಂಡು ಬನ್ನಿ. ಪ್ರಾರ್ಥನೆಯ ಹೊತ್ತಿನಲ್ಲಿ ಲೆಕ್ಕದ ಕಾಗದವೇಕೆ ಎಂದು ಅನ್ನಿಸಬಹುದು. ಅರಸನಾದ ಹಿಜ್ಕೀಯನು ಶತ್ರುವಿನ ಬೆದರಿಕೆಯ ಪತ್ರವನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಬಿಚ್ಚಿ ಹರಡಿದನೆಂದು 2 ಅರಸುಗಳು 19ನೆಯ ಅಧ್ಯಾಯ ಹೇಳುತ್ತದೆ. ಬಿಚ್ಚಿ ನೋಡದ ಕಾಗದದ ಬಗ್ಗೆ ಮಾಡುವ ಪ್ರಾರ್ಥನೆ ಮಸುಕಾಗಿಯೇ ಉಳಿಯುತ್ತದೆ.

1. ಅಗತ್ಯವನ್ನು ಹೆಸರಿಟ್ಟು ಬರೆಯಿರಿ

ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಗಡೆಯಲ್ಲಿ ದಿನಾಂಕವನ್ನೂ ಅಗತ್ಯವನ್ನೂ ಬರೆಯಿರಿ. ಬಲಗಡೆಯನ್ನು ಈಗ ಖಾಲಿ ಬಿಡಿ. “ಹಣದ ತೊಂದರೆ ನೀಗಲಿ” ಎಂದು ಬರೆಯಬೇಡಿ. ಯಾವುದಕ್ಕೆ, ಎಷ್ಟು, ಯಾವ ತಾರೀಖಿನೊಳಗೆ ಎಂದು ಬರೆಯಿರಿ. ಬರೆದಾದ ಮೇಲೆ ಪ್ರತಿಯೊಂದು ಸಾಲಿನ ಮುಂದೆಯೂ ಅದು ಈ ಹೊತ್ತಿನ ಅಗತ್ಯವೋ, ಮುಂದಿನ ದಿನಗಳ ಅಗತ್ಯವೋ, ಬಯಕೆಯೋ, ಅಥವಾ ಬರೀ ಭಯವೋ ಎಂದು ಗುರುತಿಸಿ. “ಕೆಲಸ ಹೋದರೆ ಏನು ಗತಿ” ಎಂಬುದು ಅಗತ್ಯವಲ್ಲ, ಭಯ. ಅದನ್ನೂ ದೇವರಿಗೆ ಹೇಳಬಹುದು, ಹೇಳಲೇಬೇಕು. ಆದರೆ ಬಾಡಿಗೆಯ ಪಟ್ಟಿಯಲ್ಲಿ ಅದನ್ನು ಸೇರಿಸಿದರೆ ಎರಡೂ ಗೋಜಲಾಗುತ್ತವೆ.

ಬಯಕೆಯನ್ನೂ ಅಗತ್ಯವನ್ನೂ ಬೇರ್ಪಡಿಸಲು ಜ್ಞಾನೋಕ್ತಿಗಳು 30ನೆಯ ಅಧ್ಯಾಯದಲ್ಲಿರುವ ಆಗೂರನ ಪ್ರಾರ್ಥನೆಗಿಂತ ಉತ್ತಮವಾದ ಜರಡಿ ನನಗೆ ಕಂಡಿಲ್ಲ. ಅವನು ಬಡತನವನ್ನೂ ಕೇಳುವುದಿಲ್ಲ, ಐಶ್ವರ್ಯವನ್ನೂ ಕೇಳುವುದಿಲ್ಲ. ತನಗೆ ತಕ್ಕಷ್ಟು ಆಹಾರ ಸಾಕು ಎನ್ನುತ್ತಾನೆ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಬಡವನಾದರೆ ಕಳ್ಳತನ ಮಾಡಿ ದೇವರ ಹೆಸರಿಗೆ ಕಳಂಕ ತಂದೇನು ಎಂದು ಕಾರಣವನ್ನೂ ಕೊಡುತ್ತಾನೆ. ಬಡತನವೇ ಪುಣ್ಯವೆಂದಾಗಲಿ ಹಣವೇ ಆಶೀರ್ವಾದವೆಂದಾಗಲಿ ಅವನು ಎಣಿಸುವುದಿಲ್ಲ.

ಹಾಗೆಂದು ಪಟ್ಟಿಯನ್ನು ತೀರಾ ಕುಗ್ಗಿಸಲೂ ಬೇಡಿ. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ‘ಕಿರು ಪ್ರಶ್ನೋತ್ತರ’ದಲ್ಲಿ, ಅಂದರೆ ಮನೆಮಂದಿಗೆ ಧರ್ಮಬೋಧೆ ಕಲಿಸುವ ಸಣ್ಣ ಪುಸ್ತಕದಲ್ಲಿ, ಅನುದಿನದ ಆಹಾರವೆಂಬ ಮಾತಿನೊಳಗೆ ಅನ್ನ, ಬಟ್ಟೆ, ಚಪ್ಪಲಿ, ಮನೆ, ಹೊಲ, ಹಣ ಮಾತ್ರವಲ್ಲದೆ ಒಳ್ಳೆಯ ಆಡಳಿತ, ಒಳ್ಳೆಯ ಹವಾಮಾನ, ಆರೋಗ್ಯ, ನಂಬಿಗಸ್ತ ನೆರೆಹೊರೆಯವರನ್ನೂ ಸೇರಿಸಿದ್ದಾರೆ. ಚಪ್ಪಲಿಯನ್ನು ಕೇಳುವುದು ಸಣ್ಣತನವಲ್ಲ.

2. ಕರ್ತನ ಪ್ರಾರ್ಥನೆಯ ಕ್ರಮದಲ್ಲಿ ನಿಲ್ಲಿ

ಮತ್ತಾಯ 6:9ರಿಂದ ಆರಂಭವಾಗುವ ಈ ಪ್ರಾರ್ಥನೆಯಲ್ಲಿ ಆಹಾರದ ಬೇಡಿಕೆ ನಾಲ್ಕನೆಯದು. ಅದಕ್ಕೂ ಮೊದಲು ದೇವರನ್ನು ತಂದೆಯೆಂದು ಕರೆದು, ಆತನ ನಾಮ, ಆತನ ರಾಜ್ಯ, ಆತನ ಚಿತ್ತ ಎಂಬ ಮೂರು ಮಾತುಗಳನ್ನು ದಾಟಿ ಬರುತ್ತೇವೆ. ಪಟ್ಟಿಯನ್ನು ಓದುವ ಮೊದಲು ಈ ಮೂರು ಮಾತುಗಳ ಬಳಿ ನಿಧಾನವಾಗಿ ನಿಲ್ಲಿ. ಇದಕ್ಕೆ ಎರಡು ಮೂರು ನಿಮಿಷ ಸಾಕು. ಕೇಳುವ ಮೊದಲೇ ನಿಮಗೆ ಏನು ಬೇಕೆಂದು ತಂದೆಗೆ ತಿಳಿದಿದೆ ಎಂಬ ಮಾತು ಇದಕ್ಕೆ ಸ್ವಲ್ಪವೇ ಮುಂಚೆ, 8ನೆಯ ವಚನದಲ್ಲಿ, ಬರುತ್ತದೆ. ತಿಳಿದವನಿಗೆ ಏಕೆ ಹೇಳಬೇಕೆಂದು ಕೇಳುವವರುಂಟು. ಅದೇ ವಚನದ ಬೆನ್ನಿಗೇ ಯೇಸು “ಆದುದರಿಂದ ಹೀಗೆ ಪ್ರಾರ್ಥಿಸಿರಿ” ಎಂಬ ಅರ್ಥದ ಮಾತನ್ನಾಡಿದ್ದಾನೆ. ಆತನಿಗೆ ಅದು ಪ್ರಾರ್ಥಿಸದಿರಲು ಕಾರಣವಾಗಲಿಲ್ಲ, ಧೈರ್ಯವಾಗಿ ಪ್ರಾರ್ಥಿಸಲು ಕಾರಣವಾಯಿತು.

3. ‘ಈ ಹೊತ್ತು’ ಎಂಬ ಅಳತೆಯನ್ನು ಕಲಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಈ ಹಂತಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ.

‘ಅನುದಿನದ’ ಎಂದು ನಾವು ಓದುವ ಪದಕ್ಕೆ ಗ್ರೀಕ್ ಮೂಲದಲ್ಲಿರುವುದು ‘ಎಪಿಯೂಸಿಯೋಸ್’. ಹೊಸ ಒಡಂಬಡಿಕೆಯಲ್ಲಿ ಇದು ಮತ್ತಾಯ, ಲೂಕ ಸುವಾರ್ತೆಗಳ ಈ ಒಂದು ಬೇಡಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದು. ಮೂರನೆಯ ಶತಮಾನದ ಓರಿಗೆನ್ ಎಂಬ ಪಂಡಿತರಿಗೇ, ಅವರ ಮಾತೃಭಾಷೆ ಗ್ರೀಕ್ ಆಗಿದ್ದರೂ, ಇದು ಸುವಾರ್ತಿಕರು ಹೊಸದಾಗಿ ಕಟ್ಟಿದ ಪದವೆಂದು ತೋರಿತ್ತು. ‘ಬದುಕಿಗೆ ಬೇಕಾದಷ್ಟು’ ಎಂದು ಕೆಲವರು, ‘ಬರುವ ದಿನಕ್ಕೆ ಸಾಲುವಷ್ಟು’ ಎಂದು ಕೆಲವರು ಅರ್ಥ ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಅಳತೆ ಚಿಕ್ಕದೇ: ಎದುರಿಗಿರುವ ಹೆಜ್ಜೆಗೆ ಸಾಲುವಷ್ಟು.

ಈ ಅಳತೆಯ ಬೇರು ವಿಮೋಚನಕಾಂಡ 16ನೆಯ ಅಧ್ಯಾಯದ ಮನ್ನದಲ್ಲಿದೆ. ಮನ್ನ ಎಂದರೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಬೆಳಿಗ್ಗೆ ನೆಲದ ಮೇಲೆ ದೊರೆಯುತ್ತಿದ್ದ ಆಹಾರ. ತಲೆಗೆ ಒಂದು ಓಮೆರ್, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 2 ಲೀಟರ್, ಕೂಡಿಸಬೇಕೆಂಬುದು ಅಪ್ಪಣೆ. ಬಿಸಿಲೇರಿದರೆ ನೆಲದ ಮೇಲಿದ್ದದ್ದು ಕರಗಿಹೋಗುತ್ತಿತ್ತು. ನಾಳೆಗೂ ಇರಲೆಂದು ಬಚ್ಚಿಟ್ಟದ್ದು ಹುಳಬಿದ್ದು ನಾತ ಹೊಡೆಯಿತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಲು ಹೇಳಿದ್ದನ್ನೂ ಮರೆಯಬಾರದು. ಏಳನೆಯ ದಿನ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಮತ್ತು ಅದಕ್ಕಾಗಿ ಉಳಿಸಿದ್ದು ಕೆಡಲಿಲ್ಲ. ಹುಳಬಿದ್ದದ್ದು ನಾಳೆ ಮನ್ನ ಬರಲಿಕ್ಕಿಲ್ಲ ಎಂಬ ಭಯದಿಂದ ಬಚ್ಚಿಟ್ಟ ಮನ್ನಕ್ಕೆ. ಉಳಿತಾಯ ಮಾಡುವುದು ಅವಿಶ್ವಾಸವೇ ಎಂದು ಕೇಳುವವರಿಗೆ ನನ್ನ ಉತ್ತರ ಈ ಅಧ್ಯಾಯದಲ್ಲೇ ಇದೆ. ಬರಗಾಲ ಬರುವುದೆಂದು ತಿಳಿದ ಯೋಸೇಫನೂ ಏಳು ವರ್ಷ ಧಾನ್ಯ ಕೂಡಿಸಿಟ್ಟನು.

ರೂಢಿಯಲ್ಲಿ ತರುವುದು ಹೀಗೆ: ಪಟ್ಟಿಯಿಂದ ಈ ಹೊತ್ತಿನದೆಂದು ಗುರುತಿಸಿದ ಸಾಲುಗಳನ್ನು ಮಾತ್ರ ಈ ದಿನ ಬಿಡಿಬಿಡಿಯಾಗಿ ಓದಿ ಪ್ರಾರ್ಥಿಸಿ. ಮುಂದಿನ ದಿನಗಳ ಸಾಲುಗಳನ್ನು ಒಟ್ಟಾಗಿ ಒಂದೇ ವಾಕ್ಯದಲ್ಲಿ ಒಪ್ಪಿಸಿಬಿಡಿ. ಮುಂದಿನ ಅಗತ್ಯಕ್ಕಾಗಿ ಈ ದಿನವೇ ಮಾಡಬೇಕಾದ ಕೆಲಸವೇನಾದರೂ ಇದ್ದರೆ, ಉದಾಹರಣೆಗೆ ಒಂದು ಅರ್ಜಿ ಬರೆಯುವುದೋ ಒಬ್ಬರಿಗೆ ಫೋನ್ ಮಾಡುವುದೋ ಇದ್ದರೆ, ಅದು ಈ ಹೊತ್ತಿನ ಸಾಲಿಗೆ ಬರಲಿ.

ಎಚ್ಚರಿಕೆ: “ಚಿಂತೆ ಮಾಡಬೇಡಿರಿ” ಎಂಬ ಮಾತನ್ನು ಯೋಚನೆಯನ್ನೇ ಮಾಡಬೇಡಿ ಎಂದು ತಿಳಿಯಬೇಡಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4:6ರಲ್ಲಿ ಪೌಲನು ಬೇಡವೆನ್ನುವಾಗ ಬಳಸಿದ ಅದೇ ಗ್ರೀಕ್ ಕ್ರಿಯಾಪದವನ್ನು 2:20ರಲ್ಲಿ ತಿಮೊಥೆಯನನ್ನು ಹೊಗಳಲು ಬಳಸಿದ್ದಾನೆ. ಅಲ್ಲಿ ಅದು ಇನ್ನೊಬ್ಬರ ಬಗ್ಗೆ ಇರುವ ನಿಜವಾದ ಕಾಳಜಿ. ಕಾಳಜಿ ಕೈಕಾಲುಗಳಿಗೆ ಕೆಲಸ ಕೊಡುತ್ತದೆ. ಚಿಂತೆ ಅವನ್ನು ಕಟ್ಟಿಹಾಕುತ್ತದೆ.

4. ನೇರವಾಗಿ ಕೇಳಿ, ಕೃತಜ್ಞತೆಯೊಡನೆ ಕೇಳಿ

ಫಿಲಿಪ್ಪಿ 4:6 ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತಾಸ್ತುತಿ ಎಂಬ ಮೂರನ್ನು ಒಟ್ಟಿಗೆ ಹೇಳುತ್ತದೆ. ವಿಜ್ಞಾಪನೆ ಎಂದರೆ ನಿರ್ದಿಷ್ಟವಾದ ಬೇಡಿಕೆ. ಕೃತಜ್ಞತಾಸ್ತುತಿ ಎಂದರೆ ಈಗಾಗಲೇ ದೊರೆತದ್ದನ್ನು ನೆನೆದು ವಂದಿಸುವುದು. ಮೊದಲು ನಿನ್ನೆ ದೊರೆತ ಒಂದೆರಡನ್ನು ಹೆಸರಿಸಿ, ನಂತರ ಕೇಳಿ. ಮಾತುಗಳಿಗೆ ತಡಕಾಡುವವರು ಹೀಗೆ ಆರಂಭಿಸಬಹುದು:

“ತಂದೆಯೇ, ಈ ತಿಂಗಳ 28ರೊಳಗೆ ಬಾಡಿಗೆ ಕಟ್ಟಬೇಕು, ನನ್ನ ಬಳಿ ಅದರ ಅರ್ಧ ಮಾತ್ರ ಇದೆ. ನಿನ್ನೆಯವರೆಗೆ ನಡೆಸಿದ್ದೀ, ಅದಕ್ಕಾಗಿ ಸ್ತೋತ್ರ. ಉಳಿದದ್ದನ್ನು ನಿನಗೆ ಮೆಚ್ಚಿಗೆಯಾದ ದಾರಿಯಲ್ಲಿ ಒದಗಿಸು. ನಾನು ಈ ದಿನ ಮಾಡಬೇಕಾದದ್ದನ್ನು ತೋರಿಸು. ನನಗೆ ಭಯವಾಗುತ್ತಿದೆ ಎಂಬುದನ್ನೂ ನೀನು ಬಲ್ಲೆ. ಅದನ್ನೂ ನಿನ್ನ ಮುಂದೆ ಇಡುತ್ತೇನೆ.”

ಇಷ್ಟೇ ಸಾಕು. ಅನ್ಯಜನರ ಹಾಗೆ ಸುಮ್ಮನೆ ಮಾತುಗಳನ್ನು ಹೆಚ್ಚಿಸಬೇಡಿರೆಂದು ಯೇಸು ಎಚ್ಚರಿಸಿದ್ದಾನೆ. ಅದರ ಜೊತೆಗೆ, ನಡುರಾತ್ರಿಯಲ್ಲಿ ರೊಟ್ಟಿ ಕೇಳಲು ಹೋಗಿ ಬಾಗಿಲು ತಟ್ಟುತ್ತಲೇ ಇದ್ದ ಸ್ನೇಹಿತನ ಸಾಮ್ಯವನ್ನೂ ಆತನೇ ಹೇಳಿದ್ದಾನೆ (ಲೂಕ 11:5–8). ಇವೆರಡಕ್ಕೂ ವಿರೋಧವಿಲ್ಲ. ಆ ಸ್ನೇಹಿತ ಅದೇ ಸಣ್ಣ ಮಾತನ್ನು ಮತ್ತೆ ಮತ್ತೆ ಹೇಳಿದ, ಏಕೆಂದರೆ ಅಗತ್ಯ ಇನ್ನೂ ಹಾಗೆಯೇ ಇತ್ತು.

ಎಚ್ಚರಿಕೆ: ಇಲ್ಲಿ ಕಾಣುವ ತಪ್ಪುಗಳು ಮುಖ್ಯವಾಗಿ ಮೂರು. ಮೊದಲನೆಯದು ಚೌಕಾಸಿ: “ಇದನ್ನು ಕೊಟ್ಟರೆ ಅದನ್ನು ಮಾಡುತ್ತೇನೆ” ಎಂದು ತಂದೆಯೊಡನೆ ವ್ಯಾಪಾರಕ್ಕಿಳಿಯುವುದು. ಎರಡನೆಯದು ಗಡುವು: ಇಂಥ ದಿನ, ಇಂಥವರ ಮೂಲಕವೇ ಬರಬೇಕೆಂದು ದೇವರಿಗೆ ಷರತ್ತು ಹಾಕುವುದು. ಬಿಲ್ಲಿನ ತಾರೀಖನ್ನು ಹೇಳುವುದು ಬೇರೆ, ತಾರೀಖಿನಿಂದ ದೇವರನ್ನು ಪರೀಕ್ಷಿಸುವುದು ಬೇರೆ. ಮೂರನೆಯದು ಇವೆಲ್ಲಕ್ಕಿಂತ ಅಪಾಯಕಾರಿ: ಕಾಣಿಕೆಯನ್ನು ‘ಬೀಜ’ವೆಂದು ಬಿತ್ತಿದರೆ ಅನೇಕ ಪಟ್ಟು ಹಣ ಹಿಂತಿರುಗಿ ಬರುತ್ತದೆಂಬ ಭರವಸೆಯ ಮೇಲೆ, ಅಗತ್ಯಕ್ಕಿರುವ ಹಣವನ್ನೇ ಒಪ್ಪಿಸಿಬಿಡುವುದು. ಇದನ್ನು ಸಮೃದ್ಧಿ ಬೋಧನೆ ಎನ್ನುತ್ತಾರೆ. ನಂಬಿಕೆಯಿದ್ದರೆ ಸಂಪತ್ತೂ ಆರೋಗ್ಯವೂ ಖಂಡಿತ ಎಂಬುದು ಅದರ ತಿರುಳು. ಬಾಡಿಗೆಯ ಹಣವನ್ನು ಕೊಟ್ಟು ನಾಳೆ ಹತ್ತರಷ್ಟು ಬರುವುದೆಂದು ಕಾಯಿರಿ ಎಂದು ಯಾರಾದರೂ ನಿಮ್ಮನ್ನು ಒತ್ತಾಯಿಸಿದರೆ, ಅವರು ಯಾರೇ ಆಗಿರಲಿ, ಕೊಡಬೇಡಿ.

5. ಎದ್ದು, ಮನೆಯಲ್ಲಿ ಏನಿದೆಯೆಂದು ನೋಡಿ

2 ಅರಸುಗಳು 4ನೆಯ ಅಧ್ಯಾಯದ ಮೊದಲ ಏಳು ವಚನಗಳನ್ನು ಈ ಹಂತದಲ್ಲಿ ಓದಿ. ಪ್ರವಾದಿ ಮಂಡಲಿಯವನೊಬ್ಬನ ವಿಧವೆ ಪ್ರವಾದಿಯಾದ ಎಲೀಷನ ಬಳಿಗೆ ಬರುತ್ತಾಳೆ. ಸಾಲ ಕೊಟ್ಟವನು ಆಕೆಯ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆ. ಮನೆಯಲ್ಲಿ ಏನಿದೆ ಎಂದು ಎಲೀಷನು ಕೇಳುತ್ತಾನೆ. ಒಂದು ಮೊಗೆ ಎಣ್ಣೆಯ ಹೊರತು ಏನೂ ಇಲ್ಲ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತರಬೇಕು, ಅದೂ ಕಡಿಮೆ ತರಬಾರದು. ಬಾಗಿಲು ಮುಚ್ಚಿಕೊಂಡು ಹೊಯ್ಯಬೇಕು. ಮಕ್ಕಳು ಪಾತ್ರೆ ಕೊಡುತ್ತಾ ಹೋದರು, ತಾಯಿ ಹೊಯ್ಯುತ್ತಾ ಹೋದಳು. ಇನ್ನೊಂದು ಕೊಡು ಎಂದಾಗ ಮಗ ಇನ್ನಿಲ್ಲ ಎಂದ, ಎಣ್ಣೆ ನಿಂತಿತು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಎಣ್ಣೆಯನ್ನು ಮಾರಿ, ಸಾಲ ತೀರಿಸಿ, ಉಳಿದದ್ದರಿಂದ ಮಕ್ಕಳೊಡನೆ ಜೀವನ ಮಾಡು ಎಂಬುದು ಕೊನೆಯ ಸೂಚನೆ. ಅದ್ಭುತದ ಆಚೆಗೆ ಮಾರಾಟವೂ ಲೆಕ್ಕವೂ ಉಳಿದಿದ್ದವು.

ಈಗ ನಿಮ್ಮ ಪಟ್ಟಿಗೆ ಬನ್ನಿ. ಪ್ರತಿಯೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿ: ನನ್ನಲ್ಲಿ ಈಗಾಗಲೇ ಏನಿದೆ? ಯಾರಿಂದ ‘ಪಾತ್ರೆ’ ಕೇಳಬಹುದು? ಈ ದಿನ ನನ್ನ ಕೈಯಿಂದ ಆಗುವ ಒಂದು ಕೆಲಸ ಯಾವುದು? ಸಾಲ ಕೊಟ್ಟವರೊಡನೆ ಮಾತನಾಡಿ ಗಡುವು ಮುಂದೂಡುವುದು, ಬೇಡದ ಖರ್ಚನ್ನು ನಿಲ್ಲಿಸುವುದು, ಕೆಲಸಕ್ಕೆ ಅರ್ಜಿ ಹಾಕುವುದು, ಇರುವ ಸರಕಾರಿ ನೆರವನ್ನು ಕೇಳುವುದು, ಇವೆಲ್ಲವೂ ಪ್ರಾರ್ಥನೆಗೆ ಸೇರಿದವೇ. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದೆಂದು 2 ಥೆಸಲೋನಿಕ 3:10 ಹೇಳುವಾಗ ‘ಒಲ್ಲದವನು’ ಎಂಬ ಪದವನ್ನು ಗಮನಿಸಿ; ಮೈಗೆ ಹುಷಾರಿಲ್ಲದವರ ಮೇಲೆ, ಹುಡುಕಿಯೂ ಕೆಲಸ ಸಿಗದವರ ಮೇಲೆ ಈ ವಚನವನ್ನು ಎಸೆಯುವುದು ಅನ್ಯಾಯ.

ಅಗತ್ಯವನ್ನು ಮನುಷ್ಯರಿಗೆ ಹೇಳಬಹುದೇ? ಹೇಳಬಹುದು. ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥಾಲಯ ತೆರೆದ ಜಾರ್ಜ್ ಮುಲ್ಲರ್ ಅವರು ಯಾರ ಬಳಿಯೂ ಹಣ ಕೇಳದೆ ಪ್ರಾರ್ಥನೆಯನ್ನೇ ನೆಚ್ಚಿದ್ದರು, ಮುಂದೆ ಒಮ್ಮೆಲೇ 2000ಕ್ಕೂ ಹೆಚ್ಚು ಮಕ್ಕಳನ್ನು ಸಾಕುವಷ್ಟು ಆ ಕೆಲಸ ಬೆಳೆಯಿತು ಎಂಬುದನ್ನು ಅನೇಕರು ಕೇಳಿರುತ್ತೀರಿ. ಅದು ಅವರು ತಮಗಾಗಿ ಆರಿಸಿಕೊಂಡ ದಾರಿ, ಎಲ್ಲರಿಗೂ ವಿಧಿಸಿದ ನಿಯಮವಲ್ಲ. ಪೌಲನು ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರ ಬಳಿ ಎರಡು ಅಧ್ಯಾಯಗಳುದ್ದಕ್ಕೂ ಬಾಯಿಬಿಟ್ಟು ಕೇಳಿದ್ದಾನೆ. ಆದರೆ ಒಂದನ್ನು ಮಾಡಬೇಡಿ: ಪ್ರಾರ್ಥನಾಕೂಟದಲ್ಲಿ ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲಿ ಕುಳಿತವರ ಕಿವಿಗೆ ಬೀಳಲೆಂದು ದೇವರಿಗೆ ಮೊತ್ತ ಹೇಳುವುದು. ಕೇಳಬೇಕಾದದ್ದು ಮನುಷ್ಯರನ್ನಾದರೆ ಕಣ್ಣು ತೆರೆದು ಅವರನ್ನೇ ಕೇಳಿ.

6. ಬಂದದ್ದನ್ನು ಗುರುತಿಸಿ ಬರೆದಿಡಿ

ನೋಟ್‌ಬುಕ್ಕಿನ ಬಲಭಾಗವನ್ನು ತುಂಬುವುದು ಈಗ. ಉತ್ತರವು ಕೇಳಿದ ರೂಪದಲ್ಲಿಯೇ ಬರುವುದು ಅಪರೂಪ. “ಹೆಚ್ಚುವರಿ ಪಾಳಿಯ ಕೆಲಸ ಸಿಕ್ಕಿತು”, “ಮನೆಯ ಮಾಲೀಕರು ಎರಡು ವಾರ ತಾಳಿಕೊಳ್ಳಲು ಒಪ್ಪಿದರು”, “ಆ ವಸ್ತು ಬೇಕಾಗಲೇ ಇಲ್ಲ”, “ಇನ್ನೂ ಬಂದಿಲ್ಲ” ಎಂಬಂಥ ಸಾಲುಗಳೇ ಅಲ್ಲಿ ಕೂಡಿಬರುತ್ತವೆ. ಯಾವುದನ್ನೂ ಅಲಂಕರಿಸಬೇಡಿ. ಸಾಕ್ಷಿ ಹೇಳುವಾಗ, ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹಂಚಿಕೊಳ್ಳುವಾಗ, ಬಂದದ್ದನ್ನು ಬಂದಷ್ಟೇ ಹೇಳಿ. ಉಬ್ಬಿಸಿದ ಸಾಕ್ಷಿಯನ್ನು ಕೇಳಿ ಮನೆಗೆ ಹೋಗುವ ಬಡವನು ತನ್ನ ನಂಬಿಕೆಯಲ್ಲೇ ಏನೋ ಕೊರತೆಯಿದೆಯೆಂದು ಕುಗ್ಗುತ್ತಾನೆ.

ಮನುಷ್ಯರ ಕೈಯಿಂದ ಬಂದದ್ದೂ ದೇವರು ಒದಗಿಸಿದ್ದೇ. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನೆಂಬ ಫಿಲಿಪ್ಪಿ 4:19ರ ವಾಗ್ದಾನವನ್ನು, ಅಂದರೆ ದೇವರು ಕೊಟ್ಟ ಮಾತನ್ನು, ಬಹಳ ಮಂದಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಅದರ ಹಿಂದಿನ ವಚನಗಳನ್ನು ಓದಿರುವುದಿಲ್ಲ. ಅದು ಫಿಲಿಪ್ಪಿಯ ಸಭೆಯಿಂದ ಎಪಫ್ರೊದೀತನೆಂಬವನ ಕೈಯಲ್ಲಿ ಸೆರೆಮನೆಗೆ ಬಂದ ಸಹಾಯಕ್ಕೆ ಪೌಲನು ಬರೆದ ಕೃತಜ್ಞತೆಯ ಪತ್ರ. ‘ನನಗೆ ಸಂದಿದೆ’ ಎಂದು 18ನೆಯ ವಚನದಲ್ಲಿ ಬಳಸಿದ ಗ್ರೀಕ್ ಪದವನ್ನು ಆ ಕಾಲದ ವ್ಯಾಪಾರಿಗಳು ರಸೀದಿಗಳಲ್ಲಿ ಬರೆಯುತ್ತಿದ್ದರು. ತಮಗಿದ್ದುದರಲ್ಲಿ ಕೊಟ್ಟು ಕಳುಹಿಸಿದ ಸಭೆಗೆ ಹೇಳಿದ ಮಾತು ಅದು.

‘ಯೆಹೋವ ಯೀರೆ’, ಅಂದರೆ ‘ಯೆಹೋವನು ಒದಗಿಸುವನು’, ಎಂಬ ಹೆಸರಿಗೂ ಇದೇ ಗತಿ ಆಗಿದೆ. ಆದಿಕಾಂಡ 22ರಲ್ಲಿ ಇಸಾಕನ ಬದಲಿಗೆ ಟಗರು ದೊರೆತ ಸ್ಥಳಕ್ಕೆ ಅಬ್ರಹಾಮನು ಇಟ್ಟ ಹೆಸರು ಅದು. ಅದರೊಳಗಿರುವ ಹೀಬ್ರೂ ಕ್ರಿಯಾಪದದ ಮೂಲ ಅರ್ಥ ‘ನೋಡು’. ಅಲ್ಲಿ ಹಣದ ಸುಳಿವೇ ಇಲ್ಲ. ನೋಡುವವನು ಒದಗಿಸುತ್ತಾನೆ ಎಂಬ ಅರ್ಥ ಬಾಡಿಗೆಯ ಚಿಂತೆಯವರಿಗೂ ಸಾಕಷ್ಟಾಯಿತು ಎಂದು ನನ್ನ ಎಣಿಕೆ.

7. ಬಾರದೆ ಹೋದಾಗ

ತಾರೀಖು ದಾಟಿತು, ಬಲಭಾಗ ಖಾಲಿಯೇ ಉಳಿಯಿತು. ಆಗ ಮೊದಲು ಮಾಡಬೇಕಾದದ್ದು ಅದನ್ನು ಹಾಗೆಯೇ ದೇವರಿಗೆ ಹೇಳುವುದು. ಪ್ರಲಾಪದ ಕೀರ್ತನೆಗಳು, ಅಂದರೆ ಅಳುತ್ತಾ ದೂರುತ್ತಾ ಹಾಡಿದ ಪ್ರಾರ್ಥನೆಗಳು, ಕೀರ್ತನೆಗಳ ಪುಸ್ತಕದಲ್ಲಿ ಬಹಳಷ್ಟಿವೆ. 13ನೆಯದು ಚಿಕ್ಕದು, “ಎಷ್ಟರವರೆಗೆ” ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಅದನ್ನು ಬಾಯಿಬಿಟ್ಟು ಓದಿ.

ಯಾಕೋಬ 4:3 ಹೇಳುವಂತೆ ಕೆಲವೊಮ್ಮೆ ನಾವು ಭೋಗಕ್ಕಾಗಿ ಕೇಳಿರುತ್ತೇವೆ. ಆದ್ದರಿಂದ ಪಟ್ಟಿಯನ್ನು ಒಮ್ಮೆ ಪ್ರಾಮಾಣಿಕವಾಗಿ ಪರಿಶೀಲಿಸಿ. ಆದರೆ ಬಾರದೆ ಹೋದ ಪ್ರತಿಯೊಂದಕ್ಕೂ ನಿಮ್ಮ ಪಾಪವನ್ನೋ ಅಪನಂಬಿಕೆಯನ್ನೋ ಕಾರಣವಾಗಿ ಹುಡುಕುತ್ತಾ ಕೂರಬೇಡಿ, ಬೇರೆಯವರು ಹಾಗೆ ಹುಡುಕಿ ಕೊಟ್ಟರೆ ಒಪ್ಪಿಕೊಳ್ಳಲೂ ಬೇಡಿ. ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಪೌಲನು ಮೂರು ಸಾರಿ ಬೇಡಿದನು. ತೆಗೆಯಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂದಿತು. ಹಸಿವೆ, ಬಾಯಾರಿಕೆ, ಚಳಿ, ಬಟ್ಟೆಯ ಕೊರತೆಗಳನ್ನು ತಾನು ಅನುಭವಿಸಿದೆನೆಂದು ಅವನೇ 2 ಕೊರಿಂಥ 11:27ರಲ್ಲಿ ಬರೆದಿದ್ದಾನೆ. ಅವನಿಗೆ ನಂಬಿಕೆ ಸಾಲದೆ ಹೋಯಿತೆಂದು ಯಾರೂ ಹೇಳಲಾರರು. ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನಗಳಿಲ್ಲದಿದ್ದರೂ ದೇವರಲ್ಲಿ ಹರ್ಷಿಸುವೆನೆಂದು ಪ್ರವಾದಿ ಹಬಕ್ಕೂಕನು ಹಾಡುವುದು ಇಂಥ ಹೊತ್ತಿನಲ್ಲೇ. ಆದರೆ ಅವನು ಆ ಹಾಡಿಗೆ ತಲುಪಿದ್ದು ಮೂರನೆಯ ಅಧ್ಯಾಯದಲ್ಲಿ, ಮೊದಲ ಅಧ್ಯಾಯ ಆರಂಭವಾಗುವುದೇ ದೂರಿನಿಂದ. ನೀವೂ ಅವಸರ ಮಾಡಬೇಕಿಲ್ಲ.

ಎಚ್ಚರಿಕೆ: ನಂಬಿಕೆಯನ್ನು ತೋರಿಸಲೆಂದು ಔಷಧಿ ನಿಲ್ಲಿಸುವುದು, ತೀರಿಸುವ ದಾರಿ ಕಾಣದೆ ಹೊಸ ಸಾಲ ಮಾಡುವುದು, ಮಕ್ಕಳನ್ನು ಹಸಿವಿಗೆ ಬಿಡುವುದು ದೇವರನ್ನು ನೆಚ್ಚುವುದಾಗದು. ಚಿಂತೆ ನಿದ್ರೆಯನ್ನೇ ಕಸಿದು ವಾರಗಟ್ಟಲೆ ಬಿಡದಿದ್ದರೆ ಸಭಾಪಾಲಕರ ಬಳಿ ಮಾತನಾಡಿ, ವೈದ್ಯರನ್ನೂ ಕಾಣಿರಿ. ಅಂಥ ಚಿಂತೆ ಕಾಯಿಲೆಯೂ ಆಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ.

8. ‘ನನಗೆ’ ಎಂಬುದನ್ನು ‘ನಮಗೆ’ ಎಂದು ತಿದ್ದಿ

ಕರ್ತನ ಪ್ರಾರ್ಥನೆಯಲ್ಲಿ ‘ನನ್ನ ಆಹಾರ’ ಎಂಬ ಮಾತೇ ಇಲ್ಲ. ಇರುವುದು ‘ನಮ್ಮ’, ‘ನಮಗೆ’. ಆದ್ದರಿಂದ ನಿಮ್ಮ ಪಟ್ಟಿಯ ಕೊನೆಯಲ್ಲಿ ನಿಮ್ಮದಲ್ಲದ ಒಂದು ಅಗತ್ಯವನ್ನು, ನಿಮಗೆ ಗೊತ್ತಿರುವ ಒಬ್ಬರ ಅಗತ್ಯವನ್ನು, ದಿನವೂ ಬರೆಯಿರಿ. ರೋಮ್ ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಬರಗಾಲ ಬರುವುದೆಂದು ಪ್ರವಾದಿ ಅಗಬನು ತಿಳಿಸಿದಾಗ ಅಂತಿಯೋಕ್ಯದ ಶಿಷ್ಯರು ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಯೂದಾಯಕ್ಕೆ ಹಣ ಕಳುಹಿಸಿದರು (ಅಪೊಸ್ತಲರ ಕೃತ್ಯಗಳು 11:27–30). ಯೂದಾಯದ ಯಾವುದೋ ಮನೆಯಲ್ಲಿ ಆ ದಿನ ಆಹಾರಕ್ಕಾಗಿ ಪ್ರಾರ್ಥಿಸಿದವರಿಗೆ ಉತ್ತರ ಹೊರಟದ್ದು ಅಂತಿಯೋಕ್ಯದಿಂದ.

ನಿಮ್ಮ ಕೈಯಲ್ಲಿ ಏನೂ ಇಲ್ಲದ ದಿನಗಳಲ್ಲಿಯೂ ಈ ಸಾಲನ್ನು ಬಿಡಬೇಡಿ. ಒಂದು ಫೋನ್ ಕರೆಯೋ ಒಂದು ಗಂಟೆಯ ಸಹಾಯವೋ ಆ ಸಾಲಿಗೆ ಸಾಕಾಗಬಹುದು. ಹಾಗೆ ಕೊಟ್ಟದ್ದನ್ನು ಬಲಭಾಗದಲ್ಲಿ ಬರೆಯುವ ಅಗತ್ಯವಿಲ್ಲ. ಒಂದು ತಿಂಗಳಾದ ಮೇಲೆ, ಹೊಸ ಪುಟಕ್ಕೆ ಗೆರೆ ಎಳೆಯುವ ಮೊದಲು, ಹಳೆಯ ಪುಟಗಳನ್ನು ಮೊದಲಿನಿಂದ ಓದಿ, ಖಾಲಿ ಉಳಿದ ಸಾಲುಗಳನ್ನು ಮುಂದಿನ ಪುಟಕ್ಕೆ ಎತ್ತಿ ಬರೆದುಕೊಳ್ಳಿ.